ಅಂಗಡಿಯ ಕಲ್ಲಿನ ಮುಂದೆ

ನರಗುಂದದಲ್ಲಿ ದಂಗೆಯೆದ್ದ ೧೮೫೮ನೆಯ ಇಸವಿ. ನಾನು ಮದುವೆಯಾಗಿ ಆ ಊರಿಗೆ ಬಂದು ಮೂರು ವರ್ಷವಾಗಿತ್ತು. ನಮ್ಮದು ಕಾಳಿನ ವ್ಯಾಪಾರದ ಮನೆ. ಕುಂಪಣಿಯ ದಂಡು ಬರುತ್ತಿದೆ ಎಂಬ ಸುದ್ದಿ ಹಬ್ಬಿದ ಮುಂಜಾನೆ ನಮ್ಮ ಮನೆಯವರು ಬಂಡಿ ಹೂಡಿಸಿ, "ಅವ್ವನ್ನ ಕರಕೊಂಡು ಸೂಡಿಗೆ ನಡಿ. ನಾ ನೆಲದಾಗಿನ ಕಾಳಿನ ಹಗೇವು ಮುಚ್ಚಿ ಹಿಂದಿಂದ ಬರ್ತೀನಿ" ಎಂದರು. ಸೂಡಿ ನಮ್ಮ ಅತ್ತೆಯ ತವರೂರು.

"ಜಗಲಿ ಮ್ಯಾಲ ದೇವರ ಗಂಟು ಐತಿ, ತಗೊಂಡು ಲಗೂ ಬಾ!" ಎಂದು ಅತ್ತೆ ಬಂಡಿಯಿಂದಲೇ ಕೂಗಿದರು. ನಾನು ಒಳಗೆ ಓಡಿ ಕೆಂಪು ಬಟ್ಟೆಯ ಗಂಟನ್ನು ಬಾಚಿಕೊಂಡು ಬಂದೆ. ಎತ್ತಲಾರದಷ್ಟು ಭಾರ! ದೇವರಿಗೂ ಮನೆ ಬಿಡಲು ಮನಸ್ಸಿಲ್ಲವೇನೋ ಅಂದುಕೊಂಡೆ. ಎಂಥ ದಡ್ಡಿ ನಾನು!

ಸೂಡಿಯಲ್ಲಿ ಬಿಚ್ಚಿ ನೋಡಿದರೆ ಒಳಗೆ ತೂಕದ ಕಲ್ಲುಗಳು. ದೀಪಾವಳಿಗೆ ಪೂಜೆ ಮಾಡಿದ ಹಳೆಯ ಕಲ್ಲುಗಳನ್ನು ನಮ್ಮಲ್ಲಿ ಕೆಂಪು ಬಟ್ಟೆಯಲ್ಲಿ ಕಟ್ಟಿ ದೇವರ ಜಗಲಿಯ ಮೇಲೆಯೇ ಇಡುತ್ತಿದ್ದೆವು. ಅತ್ತೆ ಅವತ್ತು ಕಟ್ಟಿಟ್ಟಿದ್ದ ಬೆಳ್ಳಿಯ ಬನಶಂಕರಿ ಪಕ್ಕದ ಗಂಟಿನಲ್ಲಿ ಉಳಿದುಬಿಟ್ಟಿದ್ದಳು.

ಪೂಜೆಯಾಗದೆ ಅತ್ತೆ ಹನಿ ನೀರು ಕುಡಿಯುವವರಲ್ಲ. ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಅವರು ಕಲ್ಲುಗಳನ್ನು ನೋಡಿದರು, ನನ್ನ ಮುಖ ನೋಡಿದರು.

"ದೇವರನ್ನ ತಾ ಅಂದ್ರ ಅಂಗಡೀನ ಹೊತ್ತು ತಂದೀಯಲ್ಲವಾ!" ಎಂದು ನಕ್ಕೇಬಿಟ್ಟರು. ಆಮೇಲೆ ಎಲ್ಲಕ್ಕಿಂತ ದೊಡ್ಡ ಕಲ್ಲನ್ನು ತೊಳೆದು, ಕುಂಕುಮ ಹಚ್ಚಿ, ಮಣೆಯ ಮೇಲಿಟ್ಟು ನನ್ನನ್ನೂ ಕರೆದರು.

"ಇದಕ್ಕ ಏನಂತ ಬೇಡ್ಕೊಳ್ಳಲ್ರಿ ಅತ್ತೀ? ಕಣ್ಣಿಲ್ಲ, ಮೂಗಿಲ್ಲ."

"ಮುಖ ನೀನ ಇಡು. ಇವತ್ತ ತೂಗಾಂವ ಅಂತ ತಿಳಿ. ನಾಳೆ ತಾಯಿ ಅಂತ ತಿಳಿ."

ನಾನು ಅಲ್ಲಿಯವರೆಗೆ ದೇವರ ಮುಂದೆ ಹಾಡು ಒಪ್ಪಿಸಿ ಎದ್ದು ಹೋಗುವವಳು. ಕೈ ಮುಗಿದಿದ್ದರೂ ಮನಸ್ಸೆಲ್ಲ ಒಲೆಯ ಮೇಲಿನ ಹಾಲಿನ ಕಡೆಗೇ. ತೂಗುವವನೆಂದು ತಿಳಿದ ದಿನ ನೇರವಾಗಿ ಜಗಳಕ್ಕೇ ಬಿದ್ದೆ. "ಇಡೀ ಊರಿನ ಕಾಳು ಒಂದು ಕಡೆ ಇಟ್ಟರೂ ನನ್ನ ಗಂಡನ ಜೀವಕ್ಕ ಸಮ ಆಗತೈತೇನು? ಯಾಕ ಅಲ್ಲೇ ಬಿಟ್ಟಿ ಅವರನ್ನ?" ತಾಯಿಯೆಂದು ತಿಳಿದ ದಿನ ಬಾಯಿಂದ ಮಾತೇ ಹೊರಡಲಿಲ್ಲ. ಬರೀ ಅಳುತ್ತ ಕೂತೆ.

ವಾರ ಕಳೆದರೂ ನಮ್ಮ ಮನೆಯವರ ಸುದ್ದಿಯಿಲ್ಲ. ಕೋಟೆ ಬಿತ್ತು, ಮನೆಗಳು ಲೂಟಿಯಾದವು ಎಂದು ದಾರಿಹೋಕರು ಹೇಳಿಹೋದರು. ಮರುದಿನ ಕಲ್ಲಿನ ಮುಂದೆ ಕೂತು ಕೇಳಿದೆ, "ಇವತ್ತ ಯಾರಂತ ತಿಳೀಲ್ರಿ?"

ಅತ್ತೆ ಎದ್ದು ಬಾಗಿಲು ತೆರೆದಿಟ್ಟು ಬಂದರು. "ದಾರಿಯೊಳಗ ಇರಾಂವ ಅಂತ ತಿಳಿ. ಬರಾಕತ್ತಾನ, ಇನ್ನೂ ಮುಟ್ಟಿಲ್ಲ" ಎಂದರು. ಅವರ ದನಿ ನಡುಗಿತು. ನನಗೆ ಗಂಡನಾದವನು ಅವರಿಗೆ ಮಗ ಎಂಬುದು ನನ್ನ ದುಃಖದಲ್ಲಿ ನನಗೆ ಹೊಳೆದೇ ಇರಲಿಲ್ಲ. ಅವರ ಕೈ ಹಿಡಿದುಕೊಂಡೆ. ಇಬ್ಬರೂ ತೆರೆದ ಬಾಗಿಲನ್ನೇ ನೋಡುತ್ತ ಕೂತೆವು. ದೇವರು ಆ ಮಣೆಯ ಹತ್ತಿರವೇ ನಮ್ಮ ಜೊತೆ ಕೂತು ಕಾಯುತ್ತಿದ್ದಾನೆ ಅನ್ನಿಸಿತು. ನನಗೆ ಅಷ್ಟು ಹತ್ತಿರ ಅವನು ಎಂದೂ ಬಂದಿರಲಿಲ್ಲ.

ಮೊದಲ ಮಳೆ ಬಿದ್ದ ಮೇಲೆ ಒಂದು ಮಧ್ಯಾಹ್ನ ನಮ್ಮ ಮನೆಯವರು ಬಂದೇಬಿಟ್ಟರು. ಗಡ್ಡ ಬೆಳೆದಿತ್ತು, ಕಾಲಲ್ಲಿ ಕೆರವಿರಲಿಲ್ಲ. ಸೊಂಟಕ್ಕೆ ಕಟ್ಟಿಕೊಂಡಿದ್ದ ಬನಶಂಕರಿಯನ್ನು ತೆಗೆದು ನನ್ನ ಕೈಗಿಟ್ಟು, "ದೇವರನ್ನ ಬಿಟ್ಟು ಹ್ಯಾಂಗ ಹೋದಿ? ತಲಿ ಎಲ್ಲಿತ್ತು?" ಎಂದು ಬೈದರು. ಆ ಬೈಗುಳ ಎಷ್ಟು ಸಿಹಿಯಾಗಿತ್ತು!

ನನಗೆ ಎಲ್ಲವೂ ಮರಳಿ ಸಿಕ್ಕಿತು. ಬನಶಂಕರಿ ಜಗಲಿಯೇರಿದಳು. ನಾನೂ ಮೊದಲಿನಂತೆ ಹಾಡು ಒಪ್ಪಿಸಿ ಹಾಲಿನ ಕಡೆ ಓಡತೊಡಗಿದೆ.

ಅತ್ತೆ ತೀರಿಕೊಂಡು ಎಷ್ಟೋ ವರ್ಷವಾಯಿತು. ನನಗೂ ವಯಸ್ಸಾಗಿದೆ, ನಾನು ಹೇಳಿದಂತೆ ಮೊಮ್ಮಗಳು ಇದನ್ನು ಬರೆಯುತ್ತಿದ್ದಾಳೆ. ಮನೆಯಲ್ಲಿ ಯಾರೂ ಇಲ್ಲದಾಗ ಈಗಲೂ ಗಂಟು ಬಿಚ್ಚಿ ಆ ಕಲ್ಲನ್ನು ಮುಂದಿಟ್ಟುಕೊಳ್ಳುತ್ತೇನೆ. ತೂಗುವವನೇ ಎನ್ನುತ್ತೇನೆ, ತಾಯೀ ಎನ್ನುತ್ತೇನೆ. ಕೊನೆಗೆ ಬಾಗಿಲು ತೆರೆದಿಟ್ಟು ಕೂತುಬಿಡುತ್ತೇನೆ. ಅವತ್ತು ಕಾಯ್ದದ್ದು ಗಂಡನಿಗಾಗಿ. ಈಗ ಕಾಯುವುದು, ಅವತ್ತು ನಮ್ಮ ಜೊತೆ ಕೂತು ಕಾಯ್ದವನಿಗಾಗಿ. ಬರುತ್ತಿದ್ದಾನೆ, ಇನ್ನೂ ಮುಟ್ಟಿಲ್ಲ.