ಅಕ್ಕ ಬರೆದ ನಲವತ್ತಾರು ರಿವ್ಯೂಗಳು

ಬಾಗಿಲ ಗಂಟೆ ಬಾರಿಸಿದರೆ ನಮ್ಮ ಮನೆಯಲ್ಲಿ ಈಗಲೂ ಯಾರೂ ತಕ್ಷಣ ಏಳುವುದಿಲ್ಲ. ಅಕ್ಕ ನನ್ನ ಮುಖ ನೋಡುತ್ತಾಳೆ, ನಾನು ಅವಳ ಮುಖ ನೋಡುತ್ತೇನೆ. ಆಮೇಲೆ ನಾನೇ ಎದ್ದು ಕಿಂಡಿಯಲ್ಲಿ ಇಣುಕುತ್ತೇನೆ. ಹಾಲಿನವನೋ ಪಕ್ಕದ ಮನೆಯಾಕೆಯೋ ಎಂದು ಖಾತ್ರಿಯಾಗುವವರೆಗೆ ಚಿಲಕ ತೆಗೆಯುವುದಿಲ್ಲ. ಅಕ್ಕ ಮೊದಲು ಇಂಥ ಅಂಜುಬುರುಕಿಯಾಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ನ್ಯಾಯ.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ಓರಗಿತ್ತಿ. ಭಾವ ಸರಕಿನ ಹಡಗಿನಲ್ಲಿ ಅಡುಗೆಯವರು. ಒಮ್ಮೆ ಹೋದರೆ ಎಂಟು ತಿಂಗಳು ಬರುವುದಿಲ್ಲ. ನನ್ನ ಗಂಡ ಔಷಧಿ ಮಾರುವ ಕೆಲಸಕ್ಕೆ ವಾರದಲ್ಲಿ ನಾಲ್ಕು ದಿನ ಊರೂರು ತಿರುಗುತ್ತಾರೆ. ಹಾಗಾಗಿ ಮೂರನೇ ಮಹಡಿಯ ಈ ಮನೆಯಲ್ಲಿ ಹೆಚ್ಚಿನ ಹೊತ್ತು ಇರುವವರು ನಾವಿಬ್ಬರು, ಕಿವಿ ಕೇಳಿಸದ ಅತ್ತೆ, ಮತ್ತು ಅಕ್ಕನ ಎಂಟು ವರ್ಷದ ಮಗಳು ಚಿಣ್ಣಿ. ನಾನು ಹೊಲಿಗೆ ಯಂತ್ರದ ಮುಂದೆ ಕೂತಿರುತ್ತೇನೆ. ಅಕ್ಕ ಇಡೀ ಮನೆಯನ್ನು ನಿಭಾಯಿಸುತ್ತಾಳೆ.

ಪ್ರತಿ ಗುರುವಾರ ಮಧ್ಯಾಹ್ನ ಚರ್ಚಿನ ಹಿಂದಿನ ಕೋಣೆಯಲ್ಲಿ ನಮ್ಮ ಸ್ತ್ರೀಯರ ಕೂಟ ಸೇರುತ್ತದೆ. ಹಾಡು, ಬೈಬಲ್ ವಾಕ್ಯ ಮುಗಿದ ಮೇಲೆ ಪಾಸ್ಟರಮ್ಮ, "ಯಾರಾದ್ರೂ ಸಾಕ್ಷಿ ಹೇಳ್ತೀರಾ?" ಎನ್ನುತ್ತಾರೆ. ಆ ವಾರ ದೇವರು ತನಗೆ ಮಾಡಿದ ಉಪಕಾರವನ್ನು ಎಲ್ಲರೆದುರು ಎದ್ದು ಹೇಳಬೇಕು. ನನ್ನಂಥವರು ಆ ಹೊತ್ತಿಗೆ ಸರಿಯಾಗಿ ನೆಲ ನೋಡುತ್ತೇವೆ. ಅಕ್ಕ ಮಾತ್ರ ಎದ್ದು ನಿಲ್ಲುತ್ತಿದ್ದಳು. ಹೊಟ್ಟೆನೋವು ವಾಸಿಯಾಯಿತು ಎಂದರೆ ಅವಳಿಗೆ ಸಾಲದು. ಯಾವ ಪಕ್ಕೆ, ಎಷ್ಟು ಗಂಟೆಗೆ, ಏನು ತಿಂದಿದ್ದೆ, ಯಾವ ವಾಕ್ಯ ನೆನಪಾಯಿತು, ಎಲ್ಲವೂ ಬರಬೇಕು. ಒಂದು ವಿವರ ಬಿಟ್ಟರೂ ದೇವರಿಗೆ ಸಲ್ಲಬೇಕಾದ ಮಹಿಮೆಯಲ್ಲಿ ಅಷ್ಟು ಕಡಿಮೆಯಾಯಿತೆಂದು ಅವಳ ನಂಬಿಕೆ. ಕೂಟದವರು ಅವಳನ್ನು ಬೆನ್ನ ಹಿಂದೆ ಸಾಕ್ಷಿಯಮ್ಮ ಎಂದು ಕರೆಯುತ್ತಿದ್ದರು. ಆ ಹೆಸರಿಟ್ಟವಳು ನಾನೇ.

ಪ್ರಾರ್ಥನೆ ಮುಗಿದು ಚಹಾ ಬಂದರೆ ನಮ್ಮ ಮಾತು ಸೀದಾ ಫೋನಿನೊಳಗಿನ ಅಂಗಡಿಗೆ ಹೋಗುತ್ತಿತ್ತು. ಬೈಬಲ್ಲಿಗೆ ಜಿಪ್ಪಿನ ಚೀಲ, ಭಾನುವಾರದ ಬಿಳಿ ಬಟ್ಟೆ, ಗೋಡೆಗೆ ತೂಗುಹಾಕುವ ವಾಕ್ಯ, ಮೊಣಕಾಲೂರಲು ಮೆತ್ತೆ. ಒಬ್ಬಳು ತರಿಸಿದ್ದನ್ನು ಮುಂದಿನ ವಾರ ಆರು ಜನ ತರಿಸುತ್ತಿದ್ದರು. ಅಕ್ಕನಿಗೆ ಇದರಲ್ಲೂ ಒಂದು ಕ್ರಮವಿತ್ತು. ಪಾರ್ಸೆಲ್ ಬಂದರೆ ಹಾಗೇ ಒಡೆಯುತ್ತಿರಲಿಲ್ಲ. ಮೇಜಿನ ಮೇಲಿಟ್ಟು, ಅದರ ಮೇಲೆ ಕೈಯಿಟ್ಟು, ತಂದವರಿಗೂ ಮಾಡಿದವರಿಗೂ ಒಳ್ಳೆಯದಾಗಲೆಂದು ಪ್ರಾರ್ಥಿಸಿ, ಫೋಟೋ ತೆಗೆದು ಆಮೇಲೆ ಕತ್ತರಿ ಹಾಕುತ್ತಿದ್ದಳು. ಸಂಜೆ ಆ ಫೋಟೋ ಸಮೇತ ಅಂಗಡಿಯ ಆಪಿನಲ್ಲಿ ರಿವ್ಯೂ ಬರೆಯುತ್ತಿದ್ದಳು. ಬೇರೆಯವರು "ಚೆನ್ನಾಗಿದೆ" ಎಂದು ಬರೆದು ಕೈ ತೊಳೆದುಕೊಂಡರೆ ಇವಳದು ಒಂದೊಂದೂ ಒಂದು ಪುಟ.

"ಚಿಲಕಕ್ಕೆ ಇಷ್ಟುದ್ದ ಸ್ತೋತ್ರ ಬೇಕೇನಕ್ಕ?" ಎಂದು ನಾನು ಕಾಲೆಳೆದರೆ, "ಯಾರೋ ಒಬ್ಬ ತಾಯಿಗೆ ಉಪಯೋಗ ಆಗುತ್ತೆ ಬಿಡೇ. ನಿಂಗೇನು ಕಷ್ಟ?" ಎನ್ನುತ್ತಿದ್ದಳು. ಓದಿದವರು 'ಉಪಯುಕ್ತ' ಎಂದು ಒತ್ತಿದ ಸಂಖ್ಯೆಯನ್ನು ನನಗೆ ತೋರಿಸಿ ಹಿಗ್ಗುತ್ತಿದ್ದಳು. ಮನೆವಾರ್ತೆ ಮಾಡುವ ಹೆಂಗಸಿಗೆ ಉಪಯುಕ್ತ ಎಂದು ಯಾರು ಹೇಳುತ್ತಾರೆ? ನಾನಂತೂ ಒಂದು ದಿನವೂ ಹೇಳಿರಲಿಲ್ಲ.

ಒಂದು ಮಂಗಳವಾರ ಅವಳ ಹೆಸರಿಗೆ ಪಾರ್ಸೆಲ್ ಬಂತು. ಅವಳು ಏನೂ ತರಿಸಿರಲಿಲ್ಲ. ಒಡೆದರೆ ಹುಡುಗಿಯರ ಮಳೆಕೋಟು, ಚಿಣ್ಣಿಗೆ ಅಳತೆ ತೆಗೆದು ಹೊಲಿದಷ್ಟು ಸರಿ. ಉಡುಗೊರೆ ಎಂದು ಚೀಟಿಯಿತ್ತು, ಕಳಿಸಿದವರ ಹೆಸರಿರಲಿಲ್ಲ. ಅಕ್ಕನ ಕಣ್ಣಲ್ಲಿ ನೀರು ಬಂತು.

"ಮಳೆಕೋಟಿಗೆ ಹದಿನೈದು ದಿನದಿಂದ ಪ್ರಾರ್ಥನೆ ಮಾಡ್ತಿದ್ದೆ ಕಣೇ. ನಿಂಗೂ ಹೇಳಿರ್ಲಿಲ್ಲ."

"ಮತ್ತೆ ಯಾರಿಗೆ ಹೇಳಿದ್ದೆ?"

"ದೇವರಿಗೆ."

ಆ ಗುರುವಾರ ಕೂಟದಲ್ಲಿ ಅವಳು ಮಳೆಕೋಟಿನ ಸಾಕ್ಷಿ ಹೇಳಿದಾಗ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಕಳಿಸಿದ್ದು ಪಾಸ್ಟರಮ್ಮನೇ ಇರಬೇಕೆಂದು ನಾನು ಬಾಗಿಲ ಬಳಿ ಕೇಳಿದೆ. ಅವರು ಇಲ್ಲವೆಂದು ತಲೆಯಾಡಿಸಿದರು. "ನಮ್ಮವರ್ಯಾರೂ ಅಲ್ಲಮ್ಮ. ನಾನು ಎಲ್ಲರನ್ನೂ ಕೇಳ್ದೆ." ಅವರ ದನಿಯಲ್ಲಿ ಸಂತೋಷವಿತ್ತು. ಮನೆಗೆ ಬಂದು ನಾನು ಪಾರ್ಸೆಲ್ಲಿನ ಚೀಟಿಯನ್ನು ತಿರುಗಿಸಿ ನೋಡಿದೆ, ಹಿಂದೆಯೂ ಹೆಸರಿರಲಿಲ್ಲ.

ಮುಂದಿನ ಬುಧವಾರ ಶೂ ಬಂದವು. ಚಿಣ್ಣಿಯ ಬಲಗಾಲಿಗಿಂತ ಎಡಗಾಲು ಚೂರು ಚಿಕ್ಕದು. ಅದು ಮನೆಯವರಿಗೆ ಬಿಟ್ಟರೆ ಯಾರಿಗೂ ಗೊತ್ತಾಗುವಷ್ಟಿಲ್ಲ. ಹೊಸ ಶೂಗಳಲ್ಲಿ ಎಡಗಾಲಿನದರೊಳಗೆ ಯಾರೋ ಒಂದು ತೆಳು ಮೆತ್ತೆಯನ್ನು ಕತ್ತರಿಸಿ, ಅಂಟಿಸಿ ಕಳಿಸಿದ್ದರು. ಕತ್ತರಿಸಿದ ಅಂಚು ಸೊಟ್ಟಪಟ್ಟವಾಗಿತ್ತು. ಯಾವ ಕಾರ್ಖಾನೆಯ ಕೆಲಸವೂ ಅಲ್ಲ ಅದು, ಯಾರೋ ಕೂತು ಕೈಯಾರೆ ಮಾಡಿದ್ದು. ಚಿಣ್ಣಿ ಹಾಕಿಕೊಂಡು ಕುಣಿದಾಡಿದಳು, ಮರುದಿನ ಅದನ್ನೇ ಹಾಕಿಕೊಂಡು ಶಾಲೆಗೆ ಹೋದಳು. ಅಕ್ಕ ಈ ಸಲ ಅಳಲಿಲ್ಲ, ಸ್ತೋತ್ರ ಎಂದೂ ಅನ್ನಲಿಲ್ಲ.

ಆ ಮರುದಿನ ಗುರುವಾರ. ಇಬ್ಬರೂ ಕೂಟಕ್ಕೆ ಹೋಗಲಿಲ್ಲ. ಮೂರು ಗಂಟೆಗೆ ಅವಳು ನನ್ನ ಯಂತ್ರದ ಪಕ್ಕ ಬಂದು ನಿಂತು ಫೋನನ್ನು ಮುಂದೆ ಹಿಡಿದಳು. ಅವಳು ಬರೆದ ಒಂದು ರಿವ್ಯೂವಿನ ಕೆಳಗೆ ಯಾರೋ ಪ್ರಶ್ನೆ ಕೇಳಿದ್ದರು: "ಚಿಣ್ಣಿಗೆ ಶೂ ಸರಿಹೋಯಿತೇ ಸಹೋದರಿ? ಎಡಗಾಲು ಜಾರುತ್ತಿಲ್ಲ ತಾನೇ?"

"ಅಕ್ಕ, ಇದರಲ್ಲಿ ಏನೇನು ಬರೆದಿದ್ದೀಯ?"

"ಒಳ್ಳೇದೇ ಬರೆದಿದ್ದೀನಿ ಕಣೇ, ಯಾರ ಬಗ್ಗೆನೂ ಕೆಟ್ಟದ್ದು ಬರೆದಿಲ್ಲ."

ಅಲ್ಲೇ ಕೂತು ನಾನು ಓದತೊಡಗಿದೆ. ಒಟ್ಟು ನಲವತ್ತಾರು. ಹಿಂಬಾಗಿಲ ಚಿಲಕ: "ಕರ್ತನಿಗೆ ಸ್ತೋತ್ರ. ಪತಿ ಹಡಗಿನಲ್ಲಿದ್ದಾರೆ, ಫೆಬ್ರವರಿವರೆಗೆ ಬರುವುದಿಲ್ಲ. ಮೈದುನನೂ ಸೋಮವಾರದಿಂದ ಗುರುವಾರದವರೆಗೆ ಊರಲ್ಲಿರುವುದಿಲ್ಲ. ಈ ಚಿಲಕ ಬಂದ ಮೇಲೆ ನಿದ್ದೆ ಬರುತ್ತಿದೆ." ಬಿಸಿನೀರಿನ ಚೀಲ: "ಅತ್ತೆಗೆ ಕಿವಿ ಕೇಳಿಸದು. ಎರಡರಿಂದ ನಾಲ್ಕು ಗಂಟೆವರೆಗೆ ಇದನ್ನು ಬೆನ್ನಿಗಿಟ್ಟುಕೊಂಡು ಒಳ್ಳೆಯ ನಿದ್ದೆ ಮಾಡುತ್ತಾರೆ." ಹಳದಿ ಶಾಲಾಚೀಲ: "ವ್ಯಾನು ಮಗಳನ್ನು ಮೂರೂ ಮುಕ್ಕಾಲಿಗೆ ಔಷಧಿ ಅಂಗಡಿಯ ಮೂಲೆಯಲ್ಲಿ ಇಳಿಸುತ್ತದೆ. ಈ ಬಣ್ಣವಾದ್ದರಿಂದ ಮೇಲಿಂದಲೇ ಕಾಣುತ್ತದೆ, ನಾನು ಇಳಿದು ಹೋಗುವುದು ತಪ್ಪಿತು." ಕಾಲುಚೀಲದ ಕೆಳಗೆ ಚಿಣ್ಣಿಯ ಹೆಸರು, ಅಳತೆ, ಎಡಗಾಲಿನ ವಿಷಯ. ಛತ್ರಿಯ ಕೆಳಗೆ, ಮಗಳಿಗೊಂದು ಮಳೆಕೋಟು ದೇವರು ಒದಗಿಸುತ್ತಾನೆಂಬ ವಿಶ್ವಾಸ. ಪ್ರತಿಯೊಂದರಲ್ಲೂ ಪ್ರಾರ್ಥನೆಯ ಫೋಟೋ. ಪೆಟ್ಟಿಗೆ, ಅದರ ಮೇಲೆ ಅವಳ ಕೈ, ಕೈಯ ಪಕ್ಕದಲ್ಲಿ ಅಂಟಿಸಿದ ಚೀಟಿ. ಚೀಟಿಯಲ್ಲಿ ನಮ್ಮ ಬೀದಿ, ಮನೆ ಸಂಖ್ಯೆ, ಮಹಡಿ, ಫೋನ್ ನಂಬರು, ಎಲ್ಲವೂ ನಿಚ್ಚಳವಾಗಿ ಕಾಣುತ್ತಿದ್ದವು.

ಗೋಡೆ ಗಡಿಯಾರ ನೋಡಿದೆ. ಮೂರು ನಲವತ್ತೆರಡು.

"ಅಕ್ಕ, ಚಿಣ್ಣಿ!"

ಅವಳು ಬರಿಗಾಲಲ್ಲೇ ಓಡಿದಳು. ಮೂರು ಮಹಡಿ ಇಳಿಯುವಾಗ ಎರಡು ಸಲ ಮುಗ್ಗರಿಸಿದಳು, ಹಿಂದಿನಿಂದ ನಾನು ರಟ್ಟೆ ಹಿಡಿದೆ. ಮೂಲೆಗೆ ಬಂದಾಗ ವ್ಯಾನು ತಿರುಗಿ ಹೊರಟಿತ್ತು. ನಾನು ಅಡ್ಡ ನಿಂತೆ. ಚಾಲಕ ತಲೆ ಹೊರಗೆ ಹಾಕಿ, "ಆಗ್ಲೇ ಇಳಿಸಿದ್ನಲ್ಲಮ್ಮ, ಇವತ್ತು ಸ್ವಲ್ಪ ಬೇಗ ಬಂದೆ" ಎಂದ. ಮೂಲೆಯಲ್ಲಿ ಹಳದಿ ಚೀಲ ಇರಲಿಲ್ಲ. ಅಕ್ಕ ರಸ್ತೆಯ ಆ ತುದಿ ಈ ತುದಿ ನೋಡುತ್ತ ನಿಂತಲ್ಲೇ ಸುತ್ತಿದಳು.

"ಅಮ್ಮಾ!" ಎಂದು ಕೇಳಿಸಿತು. ಔಷಧಿ ಅಂಗಡಿಯ ಒಳಗೆ, ಗಲ್ಲಾದ ಹಿಂದಿನ ಸ್ಟೂಲಿನ ಮೇಲೆ ಚಿಣ್ಣಿ ಕಾಲಾಡಿಸುತ್ತ ಕೂತಿದ್ದಳು. ಅಂಗಡಿಯಾತ ಬಾಗಿಲಿಗೆ ಅಡ್ಡ ನಿಂತಿದ್ದ.

"ಯಾರೋ ಒಬ್ರು ಬಗ್ಗಿ ಮಗು ಕಾಲು ಹಿಡ್ಕೊಂಡು ನೋಡ್ತಿದ್ರು. ಯಾರ್ರೀ ನೀವು ಅಂದೆ. ನೆಂಟರು ಅಂದ್ರು. ಮಗು ಅಮ್ಮಂಗೆ ಫೋನ್ ಮಾಡ್ತೀನಿ ನಿಲ್ಲಿ ಅಂದೆ, ಸರಸರ ಹೋಗ್ಬಿಟ್ರು" ಎಂದು ಒಂದೇ ಉಸಿರಿಗೆ ಹೇಳಿದ. ನೋಡಲು ಸಾಧಾರಣ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ ಹಾಕಿದ್ದನಂತೆ. ಅದಕ್ಕಿಂತ ಹೆಚ್ಚಿಗೆ ಅವನಿಗೆ ಹೇಳಲಾಗಲಿಲ್ಲ.

ಅಕ್ಕ ಮಗಳ ಮುಂದೆ ಕುಸಿದು ಕೂತಳು. "ಗೊತ್ತಿಲ್ದೋರ ಹತ್ರ ಮಾತಾಡ್ಬಾರ್ದು ಅಂತ ಹೇಳಿರ್ಲಿಲ್ವಾ?"

"ಗೊತ್ತಿಲ್ದೋರಲ್ಲಮ್ಮ, ನಮ್ ಚರ್ಚ್ ಅಂಕಲ್ಲು. ಕರ್ತನಿಗೆ ಸ್ತೋತ್ರ ಅಂದ್ರು. ಅಜ್ಜಿ ಮಲಗಿದಾರಾ ಅಂದ್ರು. ಅಪ್ಪ ಫೆಬ್ರವರಿಗೆ ಬರ್ತಾರಲ್ಲಾ ಅಂದ್ರು. ನೀನು ನಂಗೆ ಮಾಡೋ ಪ್ರಾರ್ಥನೆ ಎಲ್ಲಾ ಅವರಿಗೆ ಬಾಯಿಪಾಠ ಬರುತ್ತಮ್ಮ." ಚಿಣ್ಣಿ ಅಮ್ಮನ ಮುಖ ನೋಡಿ ಸಣ್ಣಗೆ ಸೇರಿಸಿದಳು, "ಅದಕ್ಕೆ ನಾಳೆ ಬರ್ತೀನಿ ಅಂದಾಗ ಹೂಂ ಅಂದೆ."

ಪೊಲೀಸ್ ಠಾಣೆಯಲ್ಲಿ ಒಬ್ಬ ಮಹಿಳಾ ಅಧಿಕಾರಿ ಚಿಣ್ಣಿ ಹೇಳಿದ್ದನ್ನೆಲ್ಲ ಬರೆದುಕೊಂಡರು. ಬರೆಯುತ್ತ ಹೋದಂತೆ ಅವರ ಹುಬ್ಬು ಗಂಟಿಕ್ಕಿತು. "ಮನೆ ವಿಷಯ ಇಷ್ಟೊಂದು ಅವನಿಗೆ ಹೇಳಿದ್ದು ಯಾರು? ಒಳಗಿನವರೇ ಇರಬೇಕು" ಎಂದರು.

"ನಾನೇ" ಎಂದಳು ಅಕ್ಕ, ರಿವ್ಯೂಗಳಿದ್ದ ಫೋನನ್ನು ಮೇಜಿನ ಮೇಲಿಡುತ್ತ.

ಮರುದಿನ ಮಫ್ತಿಯಲ್ಲಿ ಇಬ್ಬರು ಪೊಲೀಸರು ಆ ಮೂಲೆಯಲ್ಲಿ ಕಾದರು. ಅವನು ಬರಲಿಲ್ಲ. ಪಾರ್ಸೆಲ್ ಕಳಿಸಿದ ಖಾತೆಯ ಹೆಸರು ಸುಳ್ಳು, ನಂಬರು ಸತ್ತಿತ್ತು. ರಿವ್ಯೂಗಳನ್ನು ಒಂದೊಂದಾಗಿ ನಾನೇ ಅಳಿಸಿದೆ, ಅಕ್ಕ ಪಕ್ಕದಲ್ಲಿ ಕೂತು ನೋಡಿದಳು. ಅವನು ಓದಿಕೊಂಡದ್ದನ್ನು ಅಳಿಸಲು ನನ್ನಲ್ಲಿ ಯಾವ ಗುಂಡಿಯೂ ಇರಲಿಲ್ಲ. ಅವನು ಸಿಕ್ಕಿಲ್ಲ, ಇಂದಿನವರೆಗೂ. ಭಾನುವಾರ ಆರಾಧನೆ ಮುಗಿದು ಗಂಡಸರು ಕೈಮುಗಿದು ಸ್ತೋತ್ರ ಎಂದರೆ ಅಕ್ಕ ಮಗಳನ್ನು ಬೆನ್ನ ಹಿಂದೆ ಸರಿಸಿಕೊಳ್ಳುತ್ತಾಳೆ. ಹತ್ತು ವರ್ಷದಿಂದ ಕಂಡ ಮುಖಗಳನ್ನೂ ಹೊಸದಾಗಿ ನೋಡುತ್ತಾಳೆ. ಅವಳಿಗೆ ಅಡ್ಡಹೆಸರಿಟ್ಟ ನನ್ನ ಬಾಯಿಗೆ ಬೆಂಕಿ ಹಾಕಬೇಕು ಅನ್ನಿಸುತ್ತದೆ.

ಮೊನ್ನೆ ಸಂಜೆ ಏಳು ಗಂಟೆಗೆ ಎಂದಿನಂತೆ ಮನೆಪ್ರಾರ್ಥನೆಗೆ ಕೂತಿದ್ದೆವು. ಬಾಗಿಲು ಹಾಕಿತ್ತು, ಮೇಲಿನ ಚಿಲಕ, ಕೆಳಗಿನ ಚಿಲಕ ಎರಡೂ. ಚಿಣ್ಣಿಯ ಸರದಿ ಬಂತು. ಕಣ್ಣು ಮುಚ್ಚಿ, ಅಮ್ಮ ಕಲಿಸಿದ ಹಾಗೆಯೇ ಗಟ್ಟಿಯಾಗಿ, ಒಂದೂ ಬಿಡದೆ ಶುರುಮಾಡಿದಳು: "ದೇವರೇ, ನಾಳೆ ನಾವು ಟೀಚರ್ ಜೊತೆ ಉದ್ಯಾನವನಕ್ಕೆ ಹೋಗ್ತೀವಿ, ಹತ್ತು ಗಂಟೆಗೆ..."

ಅಕ್ಕ ಸರಕ್ಕನೆ ಮುಂದೆ ಬಾಗಿ ಮಗಳ ಬಾಯಿಯನ್ನು ಅಂಗೈಯಿಂದ ಮುಚ್ಚಿಬಿಟ್ಟಳು.

"ಜೋರಾಗಿ ಹೇಳ್ಬೇಡ ಕಂದಾ" ಎಂದಳು, ಬಾಗಿಲ ಕಡೆ ನೋಡುತ್ತ. "ಮನಸ್ಸಲ್ಲೇ ಹೇಳ್ಕೋ."