ಅತ್ತೆಯ ಕಾಗದದ ಗಂಟೆ

ಬಸವಕಲ್ಯಾಣದಿಂದ ಹುಮನಾಬಾದಿಗೆ ದಿನಾ ಬಸ್ಸಿನಲ್ಲಿ ಹೋಗಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು ನಾನು. ಇಷ್ಟು ವರ್ಷ ಬಸ್ಸು ತಪ್ಪಲಿಲ್ಲವೆಂದರೆ ಅದಕ್ಕೆ ನನ್ನ ಶಿಸ್ತು ಕಾರಣವಲ್ಲ, ನಮ್ಮತ್ತೆಯ ಗಂಟಲು. "ಏ ಯವ್ವಾ, ಬಸ್ ಹೊಂಟದ ನೋಡ್! ಕನ್ನಡಿ ಸಂಜಿಗಿ ನೋಡಕೋ!" ಎಂದು ಅವರು ಕೂಗಿದರೆ ಓಣಿಯವರೆಲ್ಲ ಚಪ್ಪಲಿ ಮೆಟ್ಟುತ್ತಿದ್ದರು.

ಎರಡನೇ ಸಲ ಲಕ್ವ ಹೊಡೆದಾಗ ಆ ಗಂಟಲು ನಿಂತಿತು. ಕೈಗಳೂ ಏಳಲಿಲ್ಲ. ಎಡಗಾಲಿನ ಹೆಬ್ಬೆರಳೊಂದು ಆಡುತ್ತಿತ್ತು, ಕುತ್ತಿಗೆ ಒಂದಿಷ್ಟು ಹೊರಳುತ್ತಿತ್ತು. ಮನೆಯ ಮುಂದಿನ ಕೋಣೆಯೇ ನಮ್ಮ ಯಜಮಾನರ ಬಟ್ಟೆ ಅಂಗಡಿ, ಕರೆದರೆ ಕೇಳುವಷ್ಟು ಹತ್ತಿರ. ಆದರೂ ಒಂದು ಸಂಜೆ ನಾನು ಬಂದು ನೋಡಿದರೆ ಅತ್ತೆಯ ತುಟಿ ಒಣಗಿ ಬಿರಿದಿತ್ತು. ನೀರು ಬೇಕೆಂದು ಕರೆಯಲು ಅವರಿಗೆ ದಾರಿಯೇ ಇರಲಿಲ್ಲ. ಅವತ್ತು ನಾನು ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ.

ಕರೆಗಂಟೆ ಇಡೋಣವೆಂದರೆ ಅದರ ಗುಂಡಿ ಒತ್ತುವಷ್ಟು ಬಲ ಆ ಕಾಲ್ಬೆರಳಿಗಿರಲಿಲ್ಲ. ಆಗ ತರಗತಿಯಲ್ಲಿ ಮಾಡಿ ತೋರಿಸುವ ಆಟವೊಂದು ನೆನಪಾಯಿತು. ಡ್ರಾಯಿಂಗ್ ಹಾಳೆಯ ಮೇಲೆ ಪೆನ್ಸಿಲಿನಿಂದ ಅಕ್ಕಪಕ್ಕ ಎರಡು ದಪ್ಪ ಪಟ್ಟೆ ತೀಡಬೇಕು. ಪೆನ್ಸಿಲಿನ ಗೀಟಿನಲ್ಲೂ ಕರೆಂಟು ಹರಿಯುತ್ತದೆ; ಪಟ್ಟೆಗಳಿಗೆ ವೈರು ಜೋಡಿಸಿ, ಮೈ ಎರಡಕ್ಕೂ ಒಟ್ಟಿಗೆ ತಗುಲಿದರೆ ಸಾಕು, ಒತ್ತುವುದೇ ಬೇಡ, ಸಣ್ಣ ಸೆಲ್ಲಿನ ಬಜರ್ ಕೂಗುತ್ತದೆ. ಹುಮನಾಬಾದಿನ ರೇಡಿಯೋ ರಿಪೇರಿಯವರು ಟ್ರಾನ್ಸಿಸ್ಟರು, ವೈರು ಎಲ್ಲ ಬೆಸೆದುಕೊಟ್ಟರು. ಅವರಿಗೆ ಇವತ್ತಿಗೂ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಹಾಳೆಯನ್ನು ಕಾಲಿನ ಹೆಬ್ಬೆರಳಿನ ಪಕ್ಕ ಇಟ್ಟೆ. ಅತ್ತೆ ಬೆರಳು ಮಡಚಿಕೊಂಡರು. ಮೂರು ದಿನ ಇದೇ ಕಥೆ. ನನಗೋ ಸಿಟ್ಟು ಮೂಗಿನ ತುದಿಯಲ್ಲೇ.

"ಯಾಕ್ರಿ ಅತ್ತಿ, ಇಷ್ಟು ತ್ರಾಸ್ ತಗೊಂಡು ಮಾಡೀನಿ, ಮುಟ್ಟಾಕ ಏನಾಗ್ಯದ ನಿಮಗ?" ಎಂದು ರೇಗಿಬಿಟ್ಟೆ. ಅವರ ಕಣ್ಣು ತುಂಬಿತು. ನನಗೆ ಏನೂ ಹೊಳೆಯಲಿಲ್ಲ.

ಅದೇ ಸಂಜೆ ಶಾಲೆಯ ಮಕ್ಕಳ ಉತ್ತರಪತ್ರಿಕೆಗಳು ಕೈಜಾರಿ ಅವರ ಮಂಚದ ಬಳಿ ಚೆಲ್ಲಿದವು. ಒಂದಕ್ಕೆ ನನ್ನ ಕಾಲು ತಾಗಿತು. ರೂಢಿಯಂತೆ ತಟ್ಟನೆ ಮುಟ್ಟಿ ಕಣ್ಣಿಗೊತ್ತಿಕೊಂಡೆ. ತಲೆಯೆತ್ತಿದರೆ ಅತ್ತೆ ನನ್ನನ್ನೇ ನೋಡುತ್ತಿದ್ದರು.

ಶಾಲೆಯ ಮೆಟ್ಟಿಲು ಹತ್ತದ ಅವರಿಗೆ ಕಾಗದವೆಂದರೆ ಸರಸ್ವತಿ. ನೆಲದಲ್ಲಿ ಬಿದ್ದ ಪೇಪರನ್ನು ನಾವು ದಾಟಿದರೂ ಬೈಯುತ್ತಿದ್ದರು. ಕಾಲು ತಾಗಿಸಿದರೆ ಕಣ್ಣಿಗೊತ್ತಿಕೊಳ್ಳಬೇಕು, ಒತ್ತಿಕೊಳ್ಳಲು ಅವರ ಕೈಯೇ ಈಗ ಏಳುತ್ತಿರಲಿಲ್ಲ. ಹಣೆ ಚಚ್ಚಿಕೊಂಡೆ. "ತಪ್ಪಾತ್ರಿ ಅತ್ತಿ" ಎಂದು ಬಜರಿನ ಹಾಳೆಯನ್ನು ಅವರ ಕಾಲ ಬಳಿಯಿಂದ ತೆಗೆದು ನಾನೇ ಕಣ್ಣಿಗೊತ್ತಿಕೊಂಡೆ, ಅವರ ಕಣ್ಣಿಗೂ ಒತ್ತಿ, ದಿಂಬಿನ ಮೇಲೆ ಕೆನ್ನೆಯ ಪಕ್ಕ ಇಟ್ಟೆ. ಹೊರಳುವ ಕುತ್ತಿಗೆಯೇ ಇದಕ್ಕೆ ಸಾಕೆಂಬುದು ವಿಜ್ಞಾನದ ಟೀಚರಿಗೆ ಅಲ್ಲಿಯವರೆಗೆ ಹೊಳೆದಿರಲೇ ಇಲ್ಲ!

ಮರುದಿನ ಬೆಳಿಗ್ಗೆ ಬುತ್ತಿಗೆ ರೊಟ್ಟಿ ಬಡಿಯುತ್ತಿದ್ದಾಗ ಬಜರ್ ಕೂಗಿತು. ಹಿಟ್ಟಿನ ಕೈಯಲ್ಲೇ ಓಡಿದೆ. ಅತ್ತೆಯ ಕೆನ್ನೆ ಹಾಳೆಯ ಮೇಲಿತ್ತು.

"ನೀರ್ ಬೇಕೇನ್ರಿ?"

ಬೇಡವೆಂದು ತಲೆ ಹೊರಳಿಸಿದರು.

"ಮಗ್ಗಲ ಬದಲಿಸ್ಲೇನ್ರಿ?"

ಅದೂ ಬೇಡ. ಅವರ ಕಣ್ಣು ಗೋಡೆಯ ಗಡಿಯಾರದತ್ತ ಹೋಯಿತು, ಅಲ್ಲಿಂದ ಬಾಗಿಲಿಗೆ, ಮತ್ತೆ ನನ್ನ ಕಡೆಗೆ.

ನನ್ನ ಬಸ್ಸಿನ ಹೊತ್ತಾಗಿತ್ತು.

ಎಷ್ಟೋ ದಿನದ ಮೇಲೆ ಸಿಕ್ಕ ಮೊದಲ ಕೂಗನ್ನು ಅವರು ನನಗಾಗಿ ಕೂಗಿದ್ದರು. ಹಿಟ್ಟಿನ ಕೈಯಲ್ಲೇ ಅವರ ಕಾಲು ಮುಟ್ಟಿ ನಮಸ್ಕರಿಸಿ ಓಡಿದೆ. ಬಸ್ಸು ಸಿಕ್ಕಿತು.