ಬೀಗದ ಮನೆಗೆ ಮೂರು ಸಲ

ಸೀರೆಯ ಅಂಚಿನ ಕೆಳಗೆ ಗಂಡಸರ ಕ್ಯಾನ್ವಾಸ್ ಬೂಟು. ನಮ್ಮ ಆಪಾ ಎಂದರೆ ನನಗೆ ಮೊದಲು ಕಣ್ಣಿಗೆ ಕಟ್ಟುವುದು ಅದೇ. ಒಂದು ಕಾಲಕ್ಕೆ ಬೆಳ್ಳಗಿತ್ತಂತೆ. ನಾನು ನೋಡುವ ಹೊತ್ತಿಗೆ ಬಳ್ಳಾರಿಯ ಕೆಂಪು ಧೂಳು, ಸಿರುಗುಪ್ಪದ ಕರಿ ಕೆಸರು ಎರಡೂ ಹತ್ತಿ ಹೆಸರಿಲ್ಲದ ಬಣ್ಣಕ್ಕೆ ತಿರುಗಿತ್ತು. ತುರುಬಿನಲ್ಲಿ ಒಂದು ಪೆನ್ಸಿಲ್, ಬಾಯಲ್ಲಿ ಸೋಂಪು. ವಿಶ್ವವಿದ್ಯಾಲಯದ ನಮ್ಮ ಮಹಡಿಯಲ್ಲಿ ಆ ಬೂಟಿನ ಸದ್ದು ಕೇಳಿದರೆ ಸಾಕು, ಎಲ್ಲರೂ ಮೊಬೈಲು ಒಳಗಿಟ್ಟು ಫಾರ್ಮುಗಳ ಮೇಲೆ ಬಗ್ಗುತ್ತಿದ್ದೆವು.

ನಮ್ಮದು ಸಂಶೋಧನಾ ಕೇಂದ್ರ. ಜನ ಹೇಗೆ ಬದುಕುತ್ತಾರೆಂದು ಊರೂರು ತಿರುಗಿ ಕೇಳಿಕೊಂಡು ಬಂದು, ಸರ್ಕಾರ ಯೋಜನೆ ಮಾಡುವಾಗ ಆ ಮಾತು ಅಧಿಕಾರಿಗಳ ಮೇಜಿನ ಮೇಲಿರುವಂತೆ ನೋಡಿಕೊಳ್ಳುವುದು ಕೆಲಸ. ನಾವೆಲ್ಲ ಆಪಾ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದ ಇವರು ಅಲ್ಲಿ ಸಮೀಕ್ಷೆಯ ಮೇಲ್ವಿಚಾರಕಿ. ಪಿಯುಸಿಗೆ ಓದು ಬಿಟ್ಟು, ಜೀನ್ಸ್ ಪ್ಯಾಂಟ್ ಹೊಲಿಯುವ ಕಡೆ ದುಡಿದು, ಯಾವುದೋ ಸಮೀಕ್ಷೆಗೆಂದು ಬಂದವರು ಇಲ್ಲೇ ಉಳಿದಿದ್ದರು. ಮನೆಯಲ್ಲಿ ಕನ್ನಡ, ಆಂಧ್ರದಿಂದ ಬಂದು ನೆಲೆಸಿದವರ ಸಿರುಗುಪ್ಪದ ಕ್ಯಾಂಪುಗಳಲ್ಲಿ ತೆಲುಗು, ಸಿಟ್ಟು ಬಂದರೆ ಉರ್ದು. ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ, "ಏ ಗೋಲ್ಡ್ ಮೆಡಲ್ಲು" ಅನ್ನುತ್ತಿದ್ದರು. ಎಂ.ಎ.ಯಲ್ಲಿ ಬಂದ ಪದಕದ ಗತ್ತು ನನಗೂ ಸ್ವಲ್ಪ ಹೆಚ್ಚೇ ಇತ್ತು. ಅದು ಇಳಿದದ್ದು ಒಂದು ಅಂಗನವಾಡಿಯಿಂದ.

ತೆಕ್ಕಲಕೋಟೆಯ ಆಚೆ ಒಂದು ಹಳ್ಳಿ. ಕಾಲುವೆಯ ಈ ದಂಡೆಗೊಂದು, ಆ ದಂಡೆಗೊಂದು ಅಂಗನವಾಡಿ. ಈ ದಂಡೆಯದಕ್ಕೆ ಮಕ್ಕಳು ಬರುವುದು ಕಡಿಮೆ, ಮುಚ್ಚಿ ಆಚೆಯದಕ್ಕೆ ಸೇರಿಸಬಹುದೇ ಎಂದು ಇಲಾಖೆಯವರು ನಮ್ಮನ್ನು ಕೇಳಿದ್ದರು. ನಾನು ತಂಡ ಕಟ್ಟಿಕೊಂಡು ಹೋಗಿ ಎರಡೇ ದಿನದಲ್ಲಿ ಮುಗಿಸಿ ಬಂದೆ. ವರದಿಯನ್ನೂ ಬರೆದೆ: ತಾಯಂದಿರಿಗೆ ಆಸಕ್ತಿ ಕಡಿಮೆ, ಮುಚ್ಚಿದರೆ ತೊಂದರೆಯಿಲ್ಲ. ಸೋಮವಾರ ಅದು ಇಲಾಖೆಗೆ ಹೋಗಬೇಕಿತ್ತು.

ಪ್ರತಿ ಫಾರ್ಮಿನ ಕೊನೆಗೆ ಮೇಲ್ವಿಚಾರಕರ ಸಹಿ ಬೇಕು. ಆಪಾ ಕಂತೆ ಬಿಚ್ಚಿ ಹಾಳೆ ತಿರುವುತ್ತ ಹೋದರು.

"ಇಲ್ಲಿ ಬೀಗ, ಇಲ್ಲಿ ಬೀಗ, ಇಲ್ಲೂ ಬೀಗ. ಇವರನ್ನೆಲ್ಲ ಬಿಟ್ಟು ಯಾರನ್ನ ಕೇಳಿ ಬಂದಿ?"

"ಪಕ್ಕದ ಮನಿಯವರನ್ನ, ಆಪಾ."

"ಬೀಗ ಹಾಕಿದ ಮನಿ ಮಾತು ಪಕ್ಕದ ಮನ್ಯಾಗ ಹೆಂಗ ಸಿಗತೈತಿ? ಎಷ್ಟು ಹೊತ್ತಿಗೆ ಹೋಗಿದ್ದಿ?"

"ಹನ್ನೊಂದಕ್ಕ."

ಅವರು ಪೆನ್ಸಿಲನ್ನು ತುರುಬಿಗೆ ಸಿಕ್ಕಿಸಿ, ಕಂತೆ ಎತ್ತಿಕೊಂಡು ಸೀದಾ ನಿರ್ದೇಶಕರ ಕೋಣೆಗೆ ನಡೆದರು. "ಸರ, ಈ ವರದಿ ಹಿಂಗ ಹೋದ್ರ ನನ್ನ ಸಹಿ ಇಲ್ರಿ. ಬೀಗದ ಮನಿಗೆ ಮೂರು ಸಲ ಹೋಗಬೇಕು, ಮೂರು ಬ್ಯಾರೆ ಹೊತ್ತಿಗೆ. ನಾಕು ದಿನ ಕೊಡ್ರಿ." ನಿರ್ದೇಶಕರು ಕ್ಯಾಲೆಂಡರ್ ನೋಡಿದರು, ನನ್ನ ಮುಖ ನೋಡಿದರು, "ಹೋಗಿ ಬರ್ರಿ" ಎಂದರು.

ನನಗೆ ಮೈಯೆಲ್ಲ ಉರಿ. ಸಿರುಗುಪ್ಪದ ಬಸ್ಸಿನಲ್ಲಿ ಅವರು ಸೋಂಪಿನ ಡಬ್ಬಿ ಚಾಚಿದರೆ ಮುಖ ತಿರುಗಿಸಿದೆ. "ಸಿಟ್ಟು ಇಳಿದ ಮ್ಯಾಲೆ ಕೇಳು, ಕೊಡ್ತೀನಿ" ಎಂದು ಮುಚ್ಚಿಟ್ಟರು.

ಸಿರುಗುಪ್ಪದಲ್ಲಿ ಅವರ ತಂಗಿಯ ಮನೆಯಲ್ಲಿ ಉಳಿದು, ಮರುದಿನ ಬೆಳಿಗ್ಗೆ ಆರೂವರೆಗೆ ಆ ಹಳ್ಳಿಯಲ್ಲಿದ್ದೆವು. ಭತ್ತದ ನಾಟಿಯ ದಿನಗಳು. ಹೆಂಗಸರು ಬುತ್ತಿ ಹಿಡಿದು ಆಟೋ ಹತ್ತುತ್ತಿದ್ದರು. ನನ್ನ ಕಣ್ಣೆದುರೇ ಒಂದೊಂದೇ ಬಾಗಿಲಿಗೆ ಬೀಗ ಬಿದ್ದಿತು. ಒಬ್ಬಾಕೆ ಕೀಲಿಯನ್ನು ಬಾಗಿಲ ಮೇಲಿನ ಸಂದಿಯಲ್ಲಿ ಸಿಕ್ಕಿಸಿ ಓಡಿದಳು. ಕುರುಗೋಡಿನ ನಮ್ಮ ಮನೆಯಲ್ಲೂ ಕೀಲಿ ಇರುತ್ತಿದ್ದುದು ಅದೇ ಜಾಗದಲ್ಲಿ. ಅವ್ವ ಮೆಣಸಿನಕಾಯಿ ಬಿಡಿಸಲು ಹೋದರೆ ಸಂಜೆಯವರೆಗೆ ನಮ್ಮದೂ ಬೀಗದ ಮನೆಯೇ. ಹನ್ನೊಂದಕ್ಕೆ ಯಾರಾದರೂ ಬಂದು ಬಾಗಿಲು ಬಡಿದಿದ್ದರೆ ಅವ್ವನ ಮಾತು ಯಾವ ಹಾಳೆಗೂ ಬರುತ್ತಿರಲಿಲ್ಲ. ಇದು ನನಗೆ ಹೊಳೆಯದೇ ಹೋಯಿತಲ್ಲ ಎಂದು ನಾಚಿಕೆಯಾಯಿತು.

ಗದ್ದೆಯಲ್ಲಿ ಆಪಾ ಬೂಟು ಬಿಚ್ಚಿ, ಲೇಸು ಗಂಟು ಹಾಕಿ ಕೊರಳಿಗೆ ನೇತುಹಾಕಿಕೊಂಡು, ಸೀರೆ ಎತ್ತಿ ಕಟ್ಟಿ ಕೆಸರಿಗೆ ಇಳಿದೇಬಿಟ್ಟರು. ಹೆಂಗಸರ ಜೊತೆ ಸಸಿ ಊರುತ್ತ ಮಾತಿಗೆಳೆದರು.

"ಆಪಾ, ನಿಮ್ಮ ಸಾಲು ಹಾವು ಹರಿದಂಗ ಹೊಂಟೈತಿ!" ಒಬ್ಬಾಕೆ ನಕ್ಕಳು.

"ಪ್ಯಾಂಟು ಹೊಲಿದ ಕೈ ಐತವ್ವಾ, ಮಷೀನು ಕೊಟ್ರ ನೆಟ್ಟಗ ಹೊಡಿತೀನಿ" ಎಂದರು ಇವರು. ಗದ್ದೆಗೆ ಗದ್ದೆಯೇ ನಕ್ಕಿತು.

ಬದುವಿನ ಮೇಲೆ ಜಾಲಿ ಮರಕ್ಕೆ ಸೀರೆಯ ಜೋಲಿ ಕಟ್ಟಿತ್ತು. ಒಳಗೆ ಮೂರು ವರ್ಷದ ತಮ್ಮ, ತೂಗುತ್ತಿದ್ದವಳು ಎಂಟು ವರ್ಷದ ಅಕ್ಕ. ಅವಳ ಶಾಲೆ ಆ ವಾರ ಪೂರ್ತಿ ತಪ್ಪಿತ್ತು. ಅವಳ ತಾಯಿ ಸೊಂಟ ನೆಟ್ಟಗೆ ಮಾಡಿ ನಿಂತು ನನಗೆ ಹೇಳಿದಳು: "ಅಂಗನವಾಡಿ ಬಾಗಲು ತೆಗಿಯಾದು ಒಂಬತ್ತೂವರೆಗೆ. ಅಷ್ಟೊತ್ತಿಗೆ ನಾವು ಮೊಣಕಾಲಮಟ ಕೆಸರಾಗ ಇರ್ತೀವ್ರಿ. ಏಳಕ್ಕ ತೆಗದ್ರ ಕೂಸಿನ್ನ ಬಿಟ್ಟು ಬರ್ತೀವಿ, ಇಕಿ ಸಾಲಿಗೆ ಹೋಗ್ತಾಳ. ಮುಚ್ಚಿದ್ರ ಈ ಸಣ್ಣವನ್ನ ಕಾಲುವಿ ದಾಟಸಾಕ ಯಾರು ಬರ್ತಾರ?"

ನಾನು ಬರೆದುಕೊಂಡೆ. ಇಂಥವರಿಗೆ ಆಸಕ್ತಿ ಕಡಿಮೆ ಎಂದು ಬರೆದವಳು ನಾನೇ. ವಾಪಸ್ಸು ಬರುವ ಬಸ್ಸಿನಲ್ಲಿ ನಾನಾಗಿಯೇ ಸೋಂಪು ಕೇಳಿದೆ. ಆಪಾ ಮುಚ್ಚಳ ತೆಗೆದು ಡಬ್ಬಿ ಕೊಟ್ಟರು.

ವರದಿ ಮೊದಲಿನಿಂದ ಬರೆದೆವು. ಅಂಗನವಾಡಿ ಮುಚ್ಚಲಿಲ್ಲ. ಕೂಡಲೇ ಎಲ್ಲ ಸರಿಹೋಯಿತೆಂದೇನೂ ಅಲ್ಲ. ಅಷ್ಟು ಬೇಗ ಬರುವುದು ಹೇಗೆಂದು ಕಾರ್ಯಕರ್ತೆ ತಕರಾರು ತೆಗೆದರು, ಅದೂ ನ್ಯಾಯವೇ. ಪತ್ರಗಳು ಓಡಾಡಿದವು, ಇನ್ನೊಬ್ಬ ಸಹಾಯಕಿ ಬಂದರು. ಮುಂದಿನ ನಾಟಿಯ ಹೊತ್ತಿಗೆ ಬಾಗಿಲು ಏಳಕ್ಕೆ ತೆರೆಯಿತು. ಜೋಲಿ ತೂಗುತ್ತಿದ್ದ ಹುಡುಗಿ ಚೀಲ ಹೆಗಲಿಗೇರಿಸಿ ಶಾಲೆಗೆ ಹೋಗುವುದನ್ನು ನಾನೇ ಕಣ್ಣಾರೆ ಕಂಡೆ.

ಮಂಡಿ ನೋವೆಂದು ಆಪಾ ಹೋದ ವರ್ಷ ಕೆಲಸ ಬಿಟ್ಟರು. ಅವರ ಜಾಗಕ್ಕೆ ನನ್ನನ್ನೇ ಹಾಕಿದರು. ಹೊಸಬರಿಗೆ ನಾನು ಮೊದಲು ಕಲಿಸುವುದು ಬೀಗದ ಮನೆಯ ಪಾಠವನ್ನೇ. ಈಚೆಗೆ ಅಭ್ಯಾಸಕ್ಕೆಂದು ಅವರನ್ನು ಬಳ್ಳಾರಿಯ ಕಂಟೋನ್ಮೆಂಟಿಗೆ ಕಳಿಸಿದ್ದೆ. ಆಪಾ ಇರುವುದೂ ಅಲ್ಲೇ. ಪಟ್ಟಿಯಲ್ಲಿ ಅವರ ಮನೆಯೂ ಇದೆಯೆಂದು ನಾನು ಗಮನಿಸಿರಲಿಲ್ಲ. ಸಂಜೆ ಅವರದೇ ಫೋನು.

"ಏ ಗೋಲ್ಡ್ ಮೆಡಲ್ಲು! ನಿನ್ನ ಹುಡುಗಿ ಬಂದಿದ್ಲು. ಬಾಜೂಮನಿ ಅಕ್ಕಾಗ ಹೇಳಿ ಹೊರಗಿಂದ ಬೀಗ ಹಾಕಿಸಿ ನಾ ಒಳಗ ಕುಂತಿದ್ದೆ."

"ಯಾಕ ಆಪಾ?"

"ಎಷ್ಟು ಸಲ ಬರ್ತಾಳ ನೋಡಾಕ. ಮುಂಜಾನಿ ಬಂದ್ಲು, ಮಧ್ಯಾಹ್ನ ಬಂದ್ಲು, ಈಗ ಸಂಜಿಗೂ ಬಂದ್ಲು. ಬೂಟು ಬಾಗಲ ಮುಂದ ಮರತಿದ್ದೆ, ಅದನ್ನ ನೋಡಿ ಒಳಗ ಯಾರೋ ಅದಾರ ಅಂತ ಬಾಜೂದವರನ್ನ ಕೇಳ್ಯಾಳ. ಆಮ್ಯಾಲೆ ಬೀಗ ತೆಗಿಸಿ, ಚಹಾ ಕುಡಿಸಿ ಕಳಿಸೀನಿ." ಫೋನಿಡುವ ಮುನ್ನ ಅಂದರು, "ಆಕಿ ಫಾರ್ಮು ತಗೊಂಡು ಬಾ. ಸಹಿ ನಾ ಮಾಡ್ತೀನಿ."

ನನಗೆ ನಗು, ಅಳು ಎರಡೂ ಒಟ್ಟಿಗೇ ಬಂದವು. ಅಷ್ಟರಲ್ಲಿ ಹುಡುಗಿಯೂ ಬಂದು ಆ ಹಾಳೆಯನ್ನು ನನ್ನ ಮೇಜಿನ ಮೇಲಿಟ್ಟಳು. ಮೇಲ್ವಿಚಾರಕರ ಸಹಿಯ ಜಾಗವನ್ನು ಖಾಲಿ ಬಿಟ್ಟು, ಅದನ್ನು ಮಡಿಸಿ ಚೀಲದಲ್ಲಿಟ್ಟುಕೊಂಡು ಕಂಟೋನ್ಮೆಂಟಿಗೆ ಹೊರಟೆ.